ಭರಮೂನ ಗಾಡಿಗೆ ತೂಕದ ಮಂದಿ

ಊರು ಹೊಗೆಯಾದರೂ ಭರಮಪ್ಪ ಒಳಗೆ. ಗಾದೆ ಹೀಗಿಲ್ಲವೆಂದು ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ಗಾದೆ ಸುಳ್ಳಾದರೂ ಕಥೆ ಸುಳ್ಳಾಗದು. ಇದು ನಮ್ಮ ಉಗಾರ ಖುರ್ದದಲ್ಲಿ ಖರೇ ನಡೆದದ್ದು.

ಭರಮು ನನ್ನ ಗೆಳೆಯ. ಏಳು ಸೀಟಿನ, ಹಳದಿ ಬೋರ್ಡಿನ ಡೀಸೆಲ್ ಗಾಡಿ ಅವನದು. ದಿನಾ ಮುಂಜಾನೆ ಟೀಚರ್‌ಗಳನ್ನು ರಾಯಬಾಗ ಕಡೆಯ ಶಾಲೆಗಳಿಗೆ ಬಿಟ್ಟು, ಸಂಜೆ ಕರೆತರುತ್ತಾನೆ. ಮನೆ ನಡೆಯುವುದು ಅದರ ಮೇಲೆಯೇ. ಕಬ್ಬಿನ ಹಂಗಾಮು ಶುರುವಾದರೆ ಆ ದಾರಿ ಟ್ರ್ಯಾಕ್ಟರುಗಳ ಸ್ವಂತ ಆಸ್ತಿ. ಎರಡೆರಡು ಟ್ರಾಲಿ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು, ಮದುವೆಯ ಮೆರವಣಿಗೆ ಹಾಗೆ ಹೊರಟಿರುತ್ತವೆ. ಹಿಂದೆ ಸಿಕ್ಕವನು ಬೀಗರ ಕಡೆಯವನು. ಆ ಟ್ರ್ಯಾಕ್ಟರುಗಳನ್ನು ದಾಟಲು ಪಿಕಪ್ ಸಾಲದೆಂದು ಭರಮು ನನ್ನನ್ನೂ ಕರೆದುಕೊಂಡು ಮಿರಜಿಗೆ ಹೋಗಿ, ಸಂಗ್ರಾಮ ಎಂಬವನ ಹತ್ತಿರ ಇಂಜಿನ್ ರಿಮ್ಯಾಪ್ ಮಾಡಿಸಿದ. ಸಂಗ್ರಾಮ ಪಾನಾ ಮುಟ್ಟಲಿಲ್ಲ, ಬಾನೆಟ್ ಎತ್ತಲಿಲ್ಲ. ಸ್ಟೇರಿಂಗ್ ಕೆಳಗೆ ಒಂದು ವಾಯರ್ ಚುಚ್ಚಿ, ಲ್ಯಾಪ್‌ಟಾಪಿನಿಂದ ಗಾಡಿಯ ಬುದ್ಧಿಯನ್ನೇ ಬದಲಿಸಿಬಿಟ್ಟ. ಇಂಜಿನ್ನಿಗೆ ಬೇಕಾದಷ್ಟು ಡೀಸೆಲ್ ಕುಡಿಯಲು ಪರವಾನಗಿ ಸಿಕ್ಕಿತು. ಗಾಡಿ ಹಾರಿತು. ಪೂರ್ತಿ ಸುಡದ ಡೀಸೆಲ್ಲು ಮಸಿಯಾಗಿ ಹಿಂದಿನಿಂದ ಹಾರಿತು. ಭರಮು ಗ್ಲಾಸ್ ಏರಿಸಿ, ಎಸಿ ಹಚ್ಚಿಕೊಂಡು ಒಳಗೆ ತಣ್ಣಗಿದ್ದ. ಹಿಂದಿನ ಬೈಕಿನವರು ಕೆಮ್ಮಿಕೊಂತ ಅವನ ಕುಲಗೋತ್ರ ಹೇಳುತ್ತಿದ್ದರು.

ಅಷ್ಟರಲ್ಲಿ ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟು, ಅಂದರೆ ಎಫ್‌ಸಿ, ಮುಗಿಯುವ ದಿನ ಬಂತು. ಚಿಕ್ಕೋಡಿಯ ಆರ್‌ಟಿಒ ಮೈದಾನದಲ್ಲಿ ಬ್ರೇಕು, ಲೈಟು, ಟೈರು ಎಲ್ಲಾ ಪಾಸು. ಕಡೆಗೆ ಸೈಲೆನ್ಸರಿನೊಳಗೆ ಹೊಗೆ ಅಳೆಯುವ ಮಷಿನ್ನಿನ ಪೈಪು ತೂರಿಸಿ, ಎಕ್ಸಲೇಟರ್ ಪೂರಾ ಒತ್ತಿಸಿದರು. ಇನ್ಸ್‌ಪೆಕ್ಟರ್ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು, ರಿಪೇರಿ ಮಾಡಿಸಿಕೊಂಡು ಬಾ ಎಂದು ಕಳಿಸಿದರು. ಎಫ್‌ಸಿ ಇಲ್ಲದ ಗಾಡಿ ಹತ್ತುವುದಿಲ್ಲವೆಂದು ಟೀಚರ್‌ಗಳು ಮೊದಲೇ ಹೇಳಿದ್ದರು. ಸೋಮವಾರದಿಂದ ದುರಗಪ್ಪನ ಗಾಡಿಗೆ ಮಾತೂ ಆಡಿಟ್ಟಿದ್ದರು.

ಭರಮು ಮತ್ತೆ ಮಿರಜಿಗೆ ಓಡಿದ. ಸಂಗ್ರಾಮ ಕಂಪನಿಯ ಹಳೇ ಮ್ಯಾಪನ್ನೇ, ಅಂದರೆ ಇಂಜಿನ್ನಿನ ಹಳೇ ಬುದ್ಧಿಯನ್ನೇ, ತಿರುಗಿ ಹಾಕಿಕೊಟ್ಟ. ಪಿಕಪ್ ಹೋಯಿತು, ಆದರೆ ಹೊಗೆ ಹೋಗಲಿಲ್ಲ. ಮನೆ ಮುಂದೆ ನಿಲ್ಲಿಸಿ ರೇಸ್ ಮಾಡಿದರೆ ಅದೇ ಕಪ್ಪು. ಭರಮು ಊಟ ಬಿಟ್ಟು ಕಟ್ಟೆ ಹಿಡಿದು ಕೂತ.

ಅವನ ಮಾರಿ ನೋಡಿ ನನಗೆ ಕನಿಕರ ಬರಬೇಕಿತ್ತು; ಬಂದದ್ದು ಸಂಗ್ರಾಮನ ದನಿ. ಮೂಗಿನಲ್ಲಿ ಅರ್ಧ, ಗುಟಕಾದಲ್ಲಿ ಅರ್ಧ ಹೊರಡುವ, ಮರಾಠಿ ಬೆರೆತ ಆ ದನಿಯನ್ನು ನಾನು ಮಿರಜಿನಲ್ಲೇ ಕದ್ದು ತಂದಿದ್ದೆ. ಭರಮೂಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಹಚ್ಚಿದೆ.

"ಭರಮು ಶೇಠ್, ಸಂಗ್ರಾಮ ಬೋಲತೋಯ. ಹಳೇ ಮ್ಯಾಪ್ ಹಾಕೇನಿ, ಪಣ ಅದು ಇನ್ನಾ ನೆಟ್ಟಗ ಕುಂತಿಲ್ಲ ನೋಡ್ರಿ. ಸೀಟ್ ತುಂಬ ತೂಕದ ಮಂದಿ ಹಾಕ್ಕೊಂಡು ಚಿಕ್ಕೋಡಿ ತನಕ ಹೊಡೀರಿ."

"ತೂಕದ ಮಂದಿ ಅಂದ್ರ ಹೆಂಗಿರಬೇಕ್ರಿ?"

"ಕುಂತ್ರ ಸೀಟು ಕುಂಯ್ ಅನಬೇಕ್ರಿ."

ಮರುದಿನ ಮುಂಜಾನೆ ಭರಮು ಓಣಿ ತುಂಬ ಮಂದಿಯನ್ನು ಕಣ್ಣಲ್ಲೇ ತೂಗುತ್ತ ತಿರುಗಿದ. ಹೆಂಡತಿ ಮನಿಷಾ ತಾನೂ ಬರುತ್ತೇನೆಂದರೆ, ನೀ ಸಾಲಂಗಿಲ್ಲ ಎಂದುಬಿಟ್ಟ. ಆಕೆ ಸಿಟ್ಟಾಗಿ ಬಾಗಿಲು ಹಾಕಿಕೊಂಡಳು. ಸೋದರತ್ತೆ ತುಳಸವ್ವ, ಪಕ್ಕದ ಮನೆಯ ದುಂಡವ್ವ, ಫ್ಯಾಕ್ಟರಿಯ ಕಾಟಾದ ಮೇಲೆ ಕಬ್ಬು ತೂಗುವ ದಾದಾಸಾಹೇಬ, ಅವನಂಥ ಇನ್ನಿಬ್ಬರು ಗಾಡಿ ಹತ್ತಿದರು. ಕಡೆಗೆ ನನ್ನ ಹೊಟ್ಟೆ ನೋಡಿ ನನ್ನನ್ನೂ ಹಿಂದಿನ ಸೀಟಿಗೆ ತುರುಕಿದ.

ದಾರಿಯಲ್ಲಿ ತುಳಸವ್ವ ಕೇಳಿದಳು: "ಏನೋ ಕುಂದರಬೇಕು ಅಂತೀ, ಅದು ಕುಂದರಾಕ ನಾವ್ಯಾಕ ಕುಂದರಬೇಕೋ?"

"ಅತ್ತಿ, ನೀ ಸುಮ್ಮ ಕುಂದರು. ನಿನ್ನ ಮ್ಯಾಲ ನನ್ನ ಹೊಟ್ಟಿ ಐತಿ."

ಆ ಮಾತು ಕೇಳಿ ನಗುವುದನ್ನು ಬಿಟ್ಟೆ. ನಾಪಾಸಾದಾಗ ಗುಟ್ಟು ಒಡೆಯೋಣವೆಂದಿದ್ದೆ. ಈಗ ನಾಪಾಸು ಆಗದಿದ್ದರೆ ಸಾಕೆನಿಸಿತು. ಮೊಣಕಾಲಿಗೆ ಗದ್ದ ಹಚ್ಚಿಕೊಂಡು ಹಿಂದಿನ ಗಾಜಿನಲ್ಲಿ ನೋಡುತ್ತ ಕೂತೆ. ಚಿಕ್ಕೋಡಿಯ ಏರು ಬಂತು. ಗಾಡಿ ಸಣ್ಣ ಗೇರಿನಲ್ಲಿ ಒದರುತ್ತ ಹತ್ತತೊಡಗಿತು. ಹಿಂದೆ ಕಪ್ಪು ಮೋಡ ಎದ್ದಿತು, ಮತ್ತೊಂದು ಎದ್ದಿತು, ಆಮೇಲೆ ತೆಳುವಾಗುತ್ತ ಬಂತು. ಏರು ಮುಗಿದಾಗ ಹಿಂದೆ ರಸ್ತೆ ಚೊಕ್ಕ ಕಾಣುತ್ತಿತ್ತು.

ಮೈದಾನದಲ್ಲಿ ಬಿಸಿ ಗಾಡಿಗೇ ಪೈಪು ತೂರಿಸಿದರು. ಭರಮು ಕಣ್ಣು ಮುಚ್ಚಿ ಎಕ್ಸಲೇಟರ್ ಒತ್ತಿದ. ಪಾಸು. ಸಾಹೇಬರು ನಮ್ಮನ್ನೆಲ್ಲ ಮೇಲಿನಿಂದ ಕೆಳಗೆ ನೋಡಿ, "ಇಷ್ಟೂ ಮಂದೀನ ಹೇರ್ಕೊಂಡು ಏರು ಹತ್ತೀಯೇನಪಾ? ಅದಕ್ಕ ಮತ್ತ. ಒಳಗ ಕುಂತ ಹಳೇ ಮಸಿ ಎಲ್ಲಾ ದಾರ್‍ಯಾಗ ಉದುರೇತಿ," ಎಂದರು. ಭರಮು ಮಿರಜಿನ ಕಥೆ ಒಪ್ಪಿಕೊಂಡ ಮೇಲೆ, ಹಳೇ ಮ್ಯಾಪ್ ಹಾಕಿಸದಿದ್ದರೆ ಊರನ್ನೇ ಹೇರಿಕೊಂಡು ಬಂದರೂ ಪಾಸಾಗುತ್ತಿರಲಿಲ್ಲ ಎಂದೂ ಸೇರಿಸಿದರು.

ಭರಮೂನ ಕಣ್ಣು ತುಂಬಿದ್ದವು. ಟೀಚರ್‌ಗಳಿಗೆ ಫೋನ್ ಹಚ್ಚಿ ಸೋಮವಾರ ಬರುತ್ತೇನೆಂದ. ಆಮೇಲೆ ನಮ್ಮ ಕಡೆ ತಿರುಗಿ ಸಂಗ್ರಾಮನ ಗುಣಗಾನ ಶುರುಮಾಡಿದ. ಅಂಥ ಮನುಷ್ಯನಿಗೆ ಈ ಹೊತ್ತೇ ಮಿರಜಿಗೆ ಹೋಗಿ ಶಾಲು ಹೊದಿಸಬೇಕಂತೆ, ಹಸಿರು ಶಾಲು. ನಾನು ಏನು ಬೇಕಾದರೂ ಸಹಿಸಿಯೇನು. ನನ್ನ ಕಲೆಗೆ ಇನ್ನೊಬ್ಬನಿಗೆ ಸತ್ಕಾರವಾಗುವುದನ್ನು ಸಹಿಸಲಾರೆ.

"ಹಸರ ಬ್ಯಾಡ ಶೇಠ್," ಎಂದೆ ಮೂಗಿನಿಂದ, "ಕೆಂಪ ತಗೋರಿ."

ಭರಮು ಕೈಯಲ್ಲಿದ್ದ ಫೋನ್ ನೋಡಿದ. ನನ್ನನ್ನು ನೋಡಿದ. ಆಮೇಲೆ ಸಾಲಾಗಿ ನಿಂತ ಅತ್ತಿ, ದುಂಡವ್ವ, ದಾದಾಸಾಹೇಬರನ್ನು ಒಬ್ಬೊಬ್ಬರಾಗಿ ನೋಡುತ್ತ ಬಂದ.

"ಅಂದ್ರ," ಎಂದಳು ತುಳಸವ್ವ, "ನಮ್ಮನ್ನ ತೂಕಕ್ಕ ತಂದಿದ್ದೇನೋ, ಭಾಡ್ಯಾ?"

ದಾದಾಸಾಹೇಬ ಮೊದಲು ನಕ್ಕ, ದುಂಡವ್ವ ಸೆರಗು ಬಾಯಿಗೆ ಹಿಡಿದಳು. ಭರಮು ಮಾತ್ರ ಬಾಗಿಲಿಗೆ ಬೆನ್ನು ಹಚ್ಚಿ ಹಾಗೆಯೇ ಜಾರಿ ಮಣ್ಣಿನಲ್ಲಿ ಕೂತು ನಗತೊಡಗಿದ. ಅವನ ನಗೆಯ ಮುಂದೆ ನಮ್ಮದೆಲ್ಲ ಪಿಸುಮಾತು. ಸಾಹೇಬರು ಮುಂದಿನ ಗಾಡಿಗೆ ಪೈಪು ತೂರಿಸುವುದನ್ನು ಬಿಟ್ಟು ತಿರುಗಿ ನೋಡುವಷ್ಟು ಜೋರಾಗಿತ್ತು.