ಪಕ್ಕದ ಕುರ್ಚಿಯ ಮೊಟ್ಟೆ

ಹೋಟೆಲೊಂದರ ಲಾಂಡ್ರಿಯಲ್ಲಿ ದಿನವಿಡೀ ನಿಂತು ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಆ ಹೆಂಗಸನ್ನು ಓಣಿಯವರೆಲ್ಲ ಇನ್ಸ್‌ಪೆಕ್ಟರಮ್ಮ ಅಂತಲೇ ಕರೆಯುತ್ತಿದ್ದರು. ಹಾಗೆ ಹೆಸರಿಟ್ಟವನು ಅವಳ ಗಂಡನೇ.

ಗಂಡ ಮನೆಗಳಿಗೆ ಬಣ್ಣ ಬಳಿಯುವವನು. ಗಟ್ಟಿ ಆಳು. ಮಧ್ಯಾಹ್ನ ಸಾರವೆಯಿಂದ ಇಳಿದು ಬಂದು ಕೂತರೆ ಮೂರು ಜನರ ಊಟ ಒಬ್ಬನೇ ಉಂಡು, ತಟ್ಟೆಯನ್ನು ಬೆರಳಿನಿಂದ ಬಳಿದು ಏಳುವ ಪೈಕಿ. ಕತ್ತೆತ್ತಿ ಸೂರುಗಳಿಗೆ ಬಣ್ಣ ಹೊಡೆದು ಹೊಡೆದು ಬೆನ್ನು ಹಿಡಿದುಕೊಂಡಾಗ ಯಾವ ಡಾಕ್ಟರನ್ನೂ ಕೇಳದೆ ನೋವಿನ ಮಾತ್ರೆಗಳನ್ನು ಪೆಪ್ಪರ್ಮಿಂಟಿನ ಹಾಗೆ ನುಂಗಿದ. ವರ್ಷಗಟ್ಟಲೆ ನುಂಗಿದ. ಬೆನ್ನೇನೋ ಸುಮ್ಮನಾಯಿತು, ಕಿಡ್ನಿ ಕೈಕೊಟ್ಟಿತು.

"ಇರೋ ಅಷ್ಟು ಕಿಡ್ನಿನಾದ್ರೂ ಉಳಿಸ್ಕೋಬೇಕು ಅಂದ್ರೆ ಅದಕ್ಕೆ ಕೆಲಸ ಕಡಿಮೆ ಕೊಡ್ಬೇಕು. ಮಾಂಸ, ಮೊಟ್ಟೆ, ಬೇಳೆ, ಹಾಲು ಎಲ್ಲಾ ಅಳತೆ ಮಾಡಿ ಹಾಕಿ," ಎಂದರು ಡಾಕ್ಟರು. ಗಂಡನಿಗೆ ಹೇಳಲಿಲ್ಲ, ಅವಳಿಗೆ ಹೇಳಿದರು. ಆವತ್ತಿಂದ ಅವಳು ಇನ್ಸ್‌ಪೆಕ್ಟರಾದಳು.

ಏಳು ವರ್ಷ ಅವನ ತಟ್ಟೆಯ ಮೇಲೆ ಕಣ್ಣಲ್ಲಿ ಕಣ್ಣಿಟ್ಟು ಕೂತಳು. ಬೇಳೆ ಒಂದು ಸೌಟಿಗೆ ಮೇಲೆ ಬಡಿಸಲಿಲ್ಲ. ಮದುವೆ ಮನೆಗೆ ಹೋದರೆ ಅವನ ಪಕ್ಕವೇ ಕೂತು, ಬಡಿಸುವವರಿಗೆ ಕಣ್ಣಲ್ಲೇ ಬೇಡ ಎನ್ನುತ್ತಿದ್ದಳು. ಒಂದು ಸಲ ಬಚ್ಚಲುಮನೆಯ ಬಕೆಟ್ಟಿನ ಹಿಂದೆ ಎಣ್ಣೆ ಕಾಗದದಲ್ಲಿ ಸುತ್ತಿಟ್ಟ ಕೋಳಿ ಮೂಳೆ ಸಿಕ್ಕಿತು. ಅದನ್ನು ಅವನ ಮುಂದೆ ಹಿಡಿದಾಗ ಆ ದೊಡ್ಡ ಮನುಷ್ಯ ತಲೆ ತಗ್ಗಿಸಿ ನಿಂತ. ಅವಳಿಗೆ ಬೈಯಲೂ ಆಗಲಿಲ್ಲ. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು, ನಲ್ಲಿ ಬಿಟ್ಟು ಅತ್ತಳು.

ಇಷ್ಟೆಲ್ಲ ಕಾವಲು ಕಾದರೂ ಕಡೆಗೊಂದು ದಿನ ಕಿಡ್ನಿ ಪೂರ್ತಿ ಕೈಚೆಲ್ಲಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್ ಶುರುವಾಯಿತು. ಮೊದಲ ವಾರದಲ್ಲೇ ಅಲ್ಲಿನ ಡಯಟೀಷಿಯನ್, ಸಣ್ಣ ವಯಸ್ಸಿನ ಹುಡುಗಿ, ಗಂಡಹೆಂಡಿರಿಬ್ಬರನ್ನೂ ಕೂರಿಸಿಕೊಂಡಳು.

"ಅಮ್ಮಾ, ಇನ್ಮೇಲೆ ಇವರಿಗೆ ಪ್ರೋಟೀನ್ ಜಾಸ್ತಿ ಕೊಡಿ."

ಅವಳಿಗೆ ಕಿವಿಯೇ ಸರಿಯಿಲ್ಲವೇನೋ ಅನಿಸಿತು. "ಕಡಿಮೆ ಅಂದ್ರಾ?"

"ಅಲ್ಲ, ಜಾಸ್ತಿ. ಇಷ್ಟು ದಿನ ರಕ್ತ ಸೋಸ್ತಿದ್ದದ್ದು ಕಿಡ್ನಿ. ಅದಕ್ಕೆ ಭಾರ ಆಗ್ಬಾರ್ದು ಅಂತ ಕಡಿಮೆ ಮಾಡ್ಸಿದ್ರು. ಈಗ ಸೋಸೋದು ಯಂತ್ರ. ಅದು ಕಸದ ಜೊತೆ ಒಳ್ಳೇದನ್ನೂ ಒಂದಿಷ್ಟು ತೊಳ್ಕೊಂಡು ಹೋಗುತ್ತೆ. ಹೋಗಿದ್ದನ್ನ ತುಂಬಿಸ್ದೆ ಇದ್ರೆ ಮೈ ತನ್ನ ಮಾಂಸಾನೇ ಕರಗಿಸಿ ತಿನ್ನುತ್ತೆ. ಮೊಟ್ಟೆ ಬಿಳಿ ಭಾಗ ಕೊಡಿ, ಮೀನು ಕೊಡಿ, ಕೋಳಿ ಕೊಡಿ. ಉಪ್ಪು, ನೀರು ಮಾತ್ರ ಹಳೇ ಲೆಕ್ಕವೇ."

ಗಂಡ ಅವಳ ಕಡೆ ತಿರುಗಿದ. "ಕೇಳಿಸ್ತಾ ಇನ್ಸ್‌ಪೆಕ್ಟರ್? ನಿನ್ ಡ್ಯೂಟಿ ಮುಗೀತು."

ಬಹಳ ದಿನದ ಮೇಲೆ ಅವನು ನಕ್ಕಿದ್ದ. ಬರುವ ದಾರಿಯಲ್ಲೇ ಅವಳು ಮೊಟ್ಟೆ, ಮೀನು ಎರಡನ್ನೂ ಕೊಂಡಳು.

ಆದರೆ ತಿನ್ನಬೇಕಾದವನ ಬಾಯಿ ಸತ್ತುಹೋಗಿತ್ತು. ಏನಿಟ್ಟರೂ ಕಬ್ಬಿಣ ನೆಕ್ಕಿದ ಹಾಗಿದೆ ಅನ್ನುತ್ತಿದ್ದ. ಮೀನಿನ ತಟ್ಟೆಯನ್ನು ಬೆರಳ ತುದಿಯಿಂದ ದೂಡಿದ. ಕೋಳಿ ಸಾರಿನ ವಾಸನೆಗೆ ಮುಖ ಸಿಂಡರಿಸಿದ. ಬೇಯಿಸಿದ ಮೊಟ್ಟೆಯನ್ನು ಬಾಯಿಗಿಟ್ಟು, ಅವಳ ಮುಖ ನೋಡಿ, ಹಾಗೇ ತೆಗೆದು ತಟ್ಟೆಯ ಅಂಚಿಗಿಟ್ಟ.

"ಇನ್ನೊಂದೇ ತುತ್ತು ರೀ."

"ಏಳು ವರ್ಷ ತಿನ್ಬೇಡಿ ಅಂತ ನೀನೇ ಬಾಯಿ ಬಡ್ಕೊಂಡೆ. ಈಗ ತಿನ್ನಿ ಅಂತ ಬಾಯಿ ಬಡ್ಕೋತೀಯ. ಸುಮ್ನೆ ಬಿಡು ನನ್ನ."

ಬೆಳಗ್ಗೆ ಎದ್ದು ಅಡುಗೆ, ಆಮೇಲೆ ಲಾಂಡ್ರಿಯ ಹಬೆ, ಸಂಜೆ ಬಂದು ಮತ್ತೆ ಒಲೆ. ಬಿಳಿ ಭಾಗ ಅವನಿಗೆಂದು ತೆಗೆದ ಮೇಲೆ ಉಳಿದ ಹಳದಿ ಉಂಡೆಗಳನ್ನು ಎಸೆಯಲು ಮನಸ್ಸು ಬಾರದೆ ತಾನೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು, ನಿಂತುಕೊಂಡೇ, ನೀರು ಕುಡಿದು ನೂಕುತ್ತ. ಅವನ ಬಿಳಿಯೂ ಹಾಗೇ ಉಳಿದರೆ ಅದನ್ನೂ ತಿನ್ನಬೇಕು. ಅವಳ ಜೀವ ಹಣ್ಣಾಗಿತ್ತು. ಅವನ ಜೀವ ಸೊರಗುತ್ತಿತ್ತು. ಅಂಗಿ ಗೂಟಕ್ಕೆ ನೇತುಹಾಕಿದಂತೆ ಹೆಗಲಿನಿಂದ ಜೋತಾಡುತ್ತಿತ್ತು. ತೊಡೆ ಬತ್ತಿ ತೋಳಿನಷ್ಟಾಗಿತ್ತು, ಕಾಲ ಹರಡು ಮಾತ್ರ ಊದಿಕೊಂಡು ಹೊಳೆಯುತ್ತಿತ್ತು. ಎರಡನೇ ಮಹಡಿಯ ಮನೆಗೆ ಹತ್ತಲು ನಡುನಡುವೆ ಕೂರಬೇಕಾಗುತ್ತಿತ್ತು.

ರಕ್ತ ಪರೀಕ್ಷೆ ನೋಡಿದ ಡಾಕ್ಟರು ತಲೆಯೆತ್ತದೆಯೇ ಕೇಳಿದರು: "ಏನಮ್ಮ, ರಕ್ತದಲ್ಲಿರೋ ಪ್ರೋಟೀನು, ಈ ಆಲ್ಬುಮಿನ್, ಇಷ್ಟು ಇಳಿದಿದೆ. ಮನೇಲಿ ಊಟ ಹಾಕ್ತಿಲ್ವಾ?"

ಅವಳು ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಒಂದು ದಿನ ಲಾಂಡ್ರಿಯ ಬಾಯ್ಲರ್ ಕೆಟ್ಟು, ಕೆಲಸದವರನ್ನೆಲ್ಲ ಬೇಗ ಬಿಟ್ಟರು. ಗಂಡನನ್ನು ಕರೆದುಕೊಂಡೇ ಹೋಗೋಣವೆಂದು ಅವಳು ಡಯಾಲಿಸಿಸ್ ಕೇಂದ್ರಕ್ಕೆ ಬಂದಳು. ಬಾಗಿಲಿನ ಗಾಜಿನಲ್ಲಿ ಇಣುಕಿದವಳು ಅಲ್ಲೇ ನಿಂತುಬಿಟ್ಟಳು. ಸಾಲಾಗಿ ಒರಗುಕುರ್ಚಿಗಳು, ಪ್ರತಿಯೊಂದಕ್ಕೂ ಒಂದೊಂದು ಯಂತ್ರ. ಗಂಡನ ಪಕ್ಕದ ಕುರ್ಚಿಯಲ್ಲಿ ಬೆಳ್ಳಗೆ ಕೂದಲು ನೆರೆತ ಹೆಂಗಸು. ಇಬ್ಬರ ನಡುವಿನ ಸ್ಟೂಲಿನ ಮೇಲೆ ತೆರೆದ ಡಬ್ಬಿ. ಅವಳ ಗಂಡ, ಮನೆಯಲ್ಲಿ ತುತ್ತಿಗೆ ಮೂಗು ಮುರಿಯುವ ಗಂಡ, ಸೂಜಿ ಚುಚ್ಚದ ಕೈಯನ್ನು ಚಾಚಿ ಡಬ್ಬಿಯಿಂದ ಮೊಟ್ಟೆಯ ಬಿಳಿ ತುಂಡು ಎತ್ತಿ ಬಾಯಿಗೆ ಹಾಕಿಕೊಂಡ. ಅಗಿದ. ನುಂಗಿದ. ಏನೋ ಹೇಳಿ ನಕ್ಕ. ಮತ್ತೊಂದು ಎತ್ತಿಕೊಂಡ.

ಅವಳು ಬಾಗಿಲು ತಳ್ಳಲಿಲ್ಲ. ಹೋಗಿ ಹೊರಗಿನ ಬೆಂಚಿನ ಮೇಲೆ ಕೂತಳು.

ಆ ಹೆಂಗಸಿನ ಯಂತ್ರ ಮೊದಲು ಮುಗಿಯಿತು. ತೋಳಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡು ಬಂದು ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ನಿವೃತ್ತ ಶಾಲಾ ಟೀಚರ್ ಅಂತೆ, ಮಗಳು ಬರುವವರೆಗೆ ಕಾಯುತ್ತಿದ್ದರು.

"ಆ ಪೇಂಟರ್ ನಮ್ಮ ಯಜಮಾನ್ರು," ಎಂದಳು ಅವಳು. "ದಿನಾ ನಿಮ್ಮ ಡಬ್ಬಿಯಿಂದ ತಿಂತಾರಾ?"

ಟೀಚರ್ ಅವಳ ಮುಖ ನೋಡಿದರು. "ಬೇಜಾರಾಯ್ತೇನಮ್ಮ? ನಾನೇನೂ ಬಲವಂತ ಮಾಡ್ಲಿಲ್ಲ. ಡಬ್ಬಿ ಮಧ್ಯೆ ಇಟ್ಟು ಪೇಪರ್ ಓದ್ತಾ ಕೂರ್ತೀನಿ. ಅವರ ಕೈ ತಾನಾಗೇ ಬರುತ್ತೆ. ನಮ್ಮಿಬ್ಬರಿಗೂ ಸಸಾರಜನಕ ಕಮ್ಮಿ ಅಂತೆ, ಇಬ್ಬರೂ ಸೇರಿ ಪಾಸಾಗೋಣ ಅಂದೆ." ಆಮೇಲೆ ದನಿ ತಗ್ಗಿಸಿದರು. "ಒಂದೇ ತೊಂದ್ರೆ. ಈಗೀಗ ನನಗೇ ಮೊಟ್ಟೆ ಸಾಲ್ತಿಲ್ಲ."

ಅವಳಿಗೆ ನಗು ಬಂತು, ಬೇಡವಾದರೂ.

"ಹಾಗಾದ್ರೆ ನಾನೇ ಬೇಯಿಸಿ ತರ್ತೀನಿ ಟೀಚರ್. ನಿಮ್ಮ ಡಬ್ಬಿಗೆ ಹಾಕ್ಕೊಳ್ಳಿ. ಅವರಿಗೆ ಹೇಳ್ಬೇಡಿ."

"ಮಕ್ಕಳಿಗೆಲ್ಲ ಸುಳ್ಳು ಹೇಳ್ಬೇಡಿ ಅಂತ ಹೇಳ್ಕೊಟ್ಟು ಈಗ ಈ ಕೆಲಸಾನಾ?" ಎಂದರು ಟೀಚರ್. ತೋಳಿನ ಹತ್ತಿಯನ್ನು ಎತ್ತಿ ನೋಡಿ, ಮತ್ತೆ ಒತ್ತಿ, "ತಾ," ಎಂದರು.

ಹಾಗೆ ನಡೆಯಿತು ಆ ಕಳ್ಳ ವ್ಯವಹಾರ. ಗಂಡ ತೂಕ ನೋಡಿಸಿಕೊಳ್ಳಲು ಒಳಗೆ ಹೋದ ಕೂಡಲೇ ಅವಳು ಚೀಲದಿಂದ ಪೊಟ್ಟಣ ತೆಗೆದು ಟೀಚರ್ ಕೈಗೆ ಕೊಡುತ್ತಿದ್ದಳು. ಮೊದಮೊದಲು ಕರಿಮೆಣಸು ಉದುರಿಸಿದ ಮೊಟ್ಟೆ, ಆಮೇಲೆ ಮುಳ್ಳು ಬಿಡಿಸಿ ಉಂಡೆ ಕಟ್ಟಿ ಬೇಯಿಸಿದ ಮೀನು, ಕೆಲವು ಸಲ ಸಣ್ಣಗೆ ಹರಿದ ಕೋಳಿ. ಕೊಟ್ಟು ಲಾಂಡ್ರಿಗೆ ಓಡುತ್ತಿದ್ದಳು.

ಅವನು ಮನೆಗೆ ಬಂದು ವರದಿ ಒಪ್ಪಿಸುತ್ತಿದ್ದ. "ಟೀಚರ್ ಮೊಟ್ಟೆ ಬೇಯಿಸೋದು ನೋಡಿ ಕಲ್ತ್ಕೋ. ಏನ್ ಹದ ಅಂತೀಯ. ನಿಂದು ಬರೀ ರಬ್ಬರು."

"ಹೂಂ. ಕೇಳಿ ಕಲೀತೀನಿ," ಎನ್ನುತ್ತಿದ್ದಳು, ಒಲೆಯ ಕಡೆ ಮುಖ ಮಾಡಿಕೊಂಡೇ. ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಎರಡಕ್ಕೂ ಮೈಯಲ್ಲಿ ಕಸುವಿರಲಿಲ್ಲ. ತನ್ನ ಕೈಯಡುಗೆ ಇನ್ನೊಬ್ಬರ ಹೆಸರಿನಲ್ಲಿ ಹೋಗಿ ಗಂಡನ ಹೊಟ್ಟೆ ಸೇರಬೇಕು. ಸೇರಿತಲ್ಲ, ಸಾಕು ಅಂದುಕೊಂಡಳು. ಸಾಕಾಗುತ್ತಿರಲಿಲ್ಲ, ಆದರೂ ಅಂದುಕೊಂಡಳು.

ಆಲ್ಬುಮಿನ್ ಮೆಲ್ಲಗೆ ಮೇಲೆ ಬಂತು. ಕಾಲಿನ ಊತ ಇಳಿಯಿತು. ಈಗ ಅವನು ಮೆಟ್ಟಿಲು ಹತ್ತಿ ಮನೆ ತಲುಪುವಷ್ಟರಲ್ಲಿ ಒಮ್ಮೆ ಮಾತ್ರ ಕೂರುತ್ತಿದ್ದ.

ಆ ಹೊತ್ತಿಗೆ ಟೀಚರ್ ಮಗಳಿಗೆ ದೂರದ ಬಡಾವಣೆಯಲ್ಲಿ ಮನೆಯಾಯಿತು. ಟೀಚರ್ ಅಲ್ಲಿಯೇ ಹತ್ತಿರದ ಕೇಂದ್ರಕ್ಕೆ ಹೋಗಬೇಕಾಯಿತು. ಕೊನೆಯ ದಿನ ಪೊಟ್ಟಣ ತೆಗೆದುಕೊಳ್ಳುತ್ತ, "ಇನ್ನು ಡಬ್ಬಿ ಇಡೋಳು ನೀನೇ ಕಣಮ್ಮ. ಹೇಳಿಬಿಡು," ಎಂದರು.

ಅವತ್ತು ಅವಳು ರಜೆ ಹಾಕಿ ಗಂಡನನ್ನು ಮನೆಗೆ ಕರೆದುಕೊಂಡು ಬಂದಳು. ಅವನು ದಣಿವಾರಿಸಿಕೊಳ್ಳಲು ಮೊದಲ ಮಹಡಿಯ ಮೆಟ್ಟಿಲ ಮೇಲೆ ಕೂತಾಗ ತಾನೂ ಪಕ್ಕದಲ್ಲಿ ಕೂತು ಎಲ್ಲ ಹೇಳಿದಳು. ಹೇಳಲು ಬಹಳ ಹೊತ್ತೇನೂ ಹಿಡಿಯಲಿಲ್ಲ.

"ಎಲ್ಲಾ ನಿಂದೇನಾ?"

"ಎಲ್ಲಾ."

"ಮೀನಿನ ಉಂಡೆ?"

"ಅದೂ."

ಅವನ ಮುಖ ಕೆಂಪಾಯಿತು. "ಇಬ್ಬರೂ ಸೇರಿ ನನ್ನ ಮಗು ಥರ ಆಡ್ಸಿದ್ರಿ."

"ಮನೇಲಿ ತಿಂದಿದ್ರೆ ಆಡಿಸ್ತಿದ್ದೆನಾ?"

ಕೆಳಗಿನ ಮನೆಯಲ್ಲಿ ಯಾರೋ ಪಾತ್ರೆ ಉಜ್ಜುತ್ತಿದ್ದರು. ಅವನು ಬಣ್ಣದ ಕಲೆ ಇನ್ನೂ ಹೋಗದ ತನ್ನ ಉಗುರುಗಳನ್ನು ನೋಡುತ್ತ ಕೂತ.

"ನಿನ್ನ ಮುಂದೆ ಬಾಯಿ ತೆರೆಯೋಕೆ ಭಯ ಆಗುತ್ತೆ ಕಣೇ," ಎಂದ ಕಡೆಗೆ. "ತುತ್ತು ಎತ್ತಿದ್ರೆ ಮೊದಲು ನಿನ್ನ ಮುಖ ನೋಡ್ತೀನಿ. ನೋಡಿದ ತಕ್ಷಣ ಗಂಟಲು ಮುಚ್ಕೊಂಡುಬಿಡುತ್ತೆ. ಈಗ ನೀನು ತಿನ್ನಿ ಅಂತಾನೇ ನೋಡ್ತಿರ್ತೀಯ. ನನಗೆ ಮಾತ್ರ ಹಳೇ ನೋಟಾನೇ ಕಾಣುತ್ತೆ."

"ಆ ನೋಟದಿಂದಾನೇ ಏಳು ವರ್ಷ ಯಂತ್ರ ತಪ್ಪಿತ್ತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಗೊತ್ತು. ನನಗೆ ಗೊತ್ತು. ಗಂಟಲಿಗೆ ಯಾರು ಹೇಳೋದು?"

ಅವಳು ಅವನ ತೋಳು ಹಿಡಿದು ಎಬ್ಬಿಸಿದಳು. ಇಬ್ಬರೂ ನಿಧಾನವಾಗಿ ಮೇಲೆ ಹತ್ತಿದರು.

ಮಾರನೆಯ ದಿನದಿಂದ ಅವಳು ಒಂದು ರೂಢಿ ಮಾಡಿಕೊಂಡಳು. ತಟ್ಟೆ ಬಡಿಸಿ ಅವನ ಮುಂದಿಟ್ಟು, ಬಾಗಿಲು ಎಳೆದುಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂರುವುದು. ಎಷ್ಟು ತಿಂದಿರಿ ಅಂತ ಕೇಳುವುದಿಲ್ಲ, ತಟ್ಟೆ ಅವನೇ ತೊಳೆದಿಡುತ್ತಾನೆ. ಮೊದಲ ಕೆಲವು ದಿನ ಅವಳ ಜೀವ ಬಾಗಿಲಿನ ಸಂದಿಯಲ್ಲೇ ಇತ್ತು. ಕಿವಿಗೆ ಏನೂ ಬೀಳುತ್ತಿರಲಿಲ್ಲ. ಒಂದು ದಿನ ಚಮಚೆಯ ಸದ್ದು ಕೇಳಿತು, ಬಿಟ್ಟು ಬಿಟ್ಟು, ತುಂಬ ಹೊತ್ತು. ಮುಂದಿನ ತಿಂಗಳ ರಕ್ತ ಪರೀಕ್ಷೆಯಲ್ಲಿ ಆಲ್ಬುಮಿನ್ ಏರಲಿಲ್ಲ. ಇಳಿಯಲೂ ಇಲ್ಲ. ಡಾಕ್ಟರು ಈ ಸಲ ಅವಳನ್ನು ಏನೂ ಕೇಳಲಿಲ್ಲ.

ಅಕ್ಕಪಕ್ಕದವರು ಹತ್ತಿ ಇಳಿಯುವಾಗ, "ಏನ್ ಇನ್ಸ್‌ಪೆಕ್ಟರಮ್ಮ, ಹೊರಗೆ ಡ್ಯೂಟಿನಾ?" ಎನ್ನುತ್ತಿದ್ದರು. ಅವಳು ಕಾಲು ಮಡಚಿ ದಾರಿ ಬಿಡುತ್ತಿದ್ದಳು.

ಒಂದು ಸಂಜೆ ಒಳಗಿಂದ ಅವನು ಕರೆದ. "ಬಾರೇ ಒಳಗೆ. ಒಬ್ಬನೇ ತಿಂದು ಬೇಜಾರಾಗಿದೆ. ಏನೂ ಆಗಲ್ಲ, ಬಾ."

ಅವಳಿಗೆ ಕೇಳಿಸಿತು. ಎದ್ದು ಹೋಗಬೇಕು ಅಂದುಕೊಂಡಳು. ಆದರೆ ಆ ಹೊತ್ತಿನಲ್ಲಿ ಅವಳನ್ನು ಯಾರೂ ಏನೂ ಕೇಳುವುದಿಲ್ಲ. ಬೆನ್ನಿಗೆ ಗೋಡೆ ತಣ್ಣಗಿತ್ತು, ಲಾಂಡ್ರಿಯ ಬಿಸಿಯನ್ನು ಅದು ನಿಧಾನವಾಗಿ ಹೀರಿಕೊಳ್ಳುತ್ತಿತ್ತು.

"ನೀವು ತಿಂತಾ ಇರಿ," ಎಂದಳು. "ನಾನು ಇನ್ನೊಂದು ಸ್ವಲ್ಪ ಹೊತ್ತು ಇಲ್ಲೇ ಕೂತ್ಕೋತೀನಿ."