ಎರಡನೇ ಸಾಕ್ಷಿ

ಐವತ್ತೆಂಟನೆಯ ಇಸವಿಯ ಬೇಸಿಗೆ. ಕೊರಟಗೆರೆ ಸಂತೆಯಲ್ಲಿ ಹುಣಸೆಹಣ್ಣು ಮಾರುತ್ತಿದ್ದ ಓಬಳಮ್ಮನಿಗೆ ಆ ದನಿ ಎಲ್ಲೋ ಕೇಳಿದ್ದು ಅನ್ನಿಸಿತು. ಬಸ್ಸು ನಿಲ್ಲುವ ಕಡೆ ಪಾದ್ರಿಯೊಬ್ಬರು ಹಾರ್ಮೋನಿಯಂ ಹಿಡಿದು ಕೂತಿದ್ದರು. ಪಕ್ಕದಲ್ಲಿ ಬಿಳಿ ಅಂಗಿಯವನೊಬ್ಬ ನಿಂತು, ತನ್ನ ಪಾಪ ಹೇಗೆ ಕಳೆಯಿತೆಂದು ಜನರಿಗೆ ಸಾಕ್ಷಿ ಹೇಳುತ್ತಿದ್ದ.

“ನಾನು ಮಹಾಪಾಪಿ ಕಣ್ರಪ್ಪಾ. ನನ್ ಬೀಡಿ ಕಿಡಿಯಿಂದ ಪಟೇಲರ ಬಣವೆ ಉರಿದೋಯ್ತು. ಏನೂ ಅರೀದೋನ ಮ್ಯಾಲೆ ಕೋರ್ಟಲ್ಲಿ ಸುಳ್ಳು ಸಾಕ್ಷಿ ಹೇಳ್ಬುಟ್ಟೆ. ಅವ್ನು ಜೈಲಿಗೆ ಹೋದ. ಆ ಪಾಪಾನೆಲ್ಲ ಯೇಸುಸ್ವಾಮಿ ಶಿಲುಬೆ ಮ್ಯಾಲೆ ಹೊತ್ಕೊಂಡ. ಈಗ ನನ್ ಮನ್ಸು ಹತ್ತಿ ಹಂಗೆ ಹಗುರಾಗೈತೆ!”

ಓಬಳಮ್ಮ ತಕ್ಕಡಿ ಕೆಳಗಿಟ್ಟಳು. ಜೈಲಿಗೆ ಹೋದವನು ಅವಳ ಗಂಡ ಪರ್ವತಯ್ಯ. ಕೆಮ್ಮುತ್ತ ಊರಿಗೆ ಬಂದವನು ಮುಂದಿನ ಮುಂಗಾರು ಕಾಣಲಿಲ್ಲ. ಬೆಂಕಿ ಇಟ್ಟವನ ಮಗಳೆಂದು ಈಶ್ವರಮ್ಮನನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಕೊನೆಗೆ ಪಾವಗಡದ ಆಚೆ, ಅಪ್ಪನ ವಯಸ್ಸಿನವನಿಗೆ ಎರಡನೇ ಸಂಬಂಧಕ್ಕೆ ಕೊಟ್ಟದ್ದಾಯಿತು.

ಅವಳು ಜನರನ್ನು ತಳ್ಳಿಕೊಂಡು ಮುಂದೆ ಬಂದಳು. “ಲೇ ಪೆದ್ದಣ್ಣ, ಅವ್ನ ಹೆಸ್ರು ಹೇಳೋ.”

ಪೆದ್ದಣ್ಣ ಗುರುತು ಹಿಡಿದ. ಕಾಲಿಗೆ ಬಿದ್ದು ಗೊಳೋ ಎಂದು ಅತ್ತ. ಅವಳು ಕಾಲು ಹಿಂದೆಳೆದುಕೊಂಡಳು.

“ಗುರ್ತಿಲ್ದೋರ ಮುಂದೆ ಯಾಕೆ ಅಳ್ತೀಯ? ನಮ್ಮೂರಿಗೆ ಬಂದು ಹೇಳು.”

“ಹೋಗಪ್ಪ,” ಅಂದರು ಪಾದ್ರಿ. “ಹೋಗಲೇಬೇಕು.”

ಮಾರನೆಯ ದಿನ ಅವನು ಕೊಳಾಲದ ಪಕ್ಕದ ಅವರ ಊರಿಗೆ ಬಂದು, ಚಾವಡಿಯಲ್ಲಿ ಒಂದೂ ಬಚ್ಚಿಡದೆ ಹೇಳಿದ. ಇನ್ನು ಊರು ನಾಚಿಕೊಳ್ಳುತ್ತದೆ, ಒಬ್ಬರಾದರೂ ಪರ್ವತಯ್ಯನ ಹೆಸರು ಎತ್ತುತ್ತಾರೆ ಎಂದು ಓಬಳಮ್ಮ ಕಾದಳು. ಪಟೇಲರ ಮಗ ನಾಗಲಿಂಗಯ್ಯ ಎದ್ದು ಬಂದು ಪೆದ್ದಣ್ಣನ ಬೆನ್ನು ತಟ್ಟಿದ. “ಒಪ್ಕೊಳ್ಳಾಕೂ ಎದೆ ಬೇಕು ಕಣ್ಲಾ.” ಯಾರೋ ಮಜ್ಜಿಗೆ ತಂದುಕೊಟ್ಟರು. ಆಮೇಲೆ ಎಲ್ಲರೂ ಅವಳ ಕಡೆ ತಿರುಗಿದರು.

“ಅವ್ನ ದೇವ್ರೇ ಮಾಪು ಮಾಡವ್ನಂತೆ. ನೀನೂ ಮರ್ತುಬುಡು ಓಬಳಮ್ಮ,” ಅಂದ ನಾಗಲಿಂಗಯ್ಯ.

ಅವಳು ಪೆದ್ದಣ್ಣನನ್ನೇ ಕೇಳಿದಳು. “ನಿನ್ ಪಾಪ ಆ ಸ್ವಾಮಿ ಹೊತ್ತ. ನನ್ ಗಂಡನ ಜೈಲು ಯಾರು ಹೊತ್ರು?”

“ಅದನ್ನೂ ಅವ್ನೇ ಹೊತ್ತ ಕಣಕ್ಕ. ಅವ್ನ ಮ್ಯಾಲೂ ಸುಳ್ಳು ಸಾಕ್ಷಿ ಹೇಳೇ ಶಿಲುಬೆಗೆ ಹಾಕಿದ್ದು. ಅವ್ನೂ ಏನೂ ತಪ್ಪು ಮಾಡ್ದೋನಲ್ಲ.”

“ಹಂಗಾರೆ ಅವ್ನು ನನ್ ಗಂಡನ ಕಡೆಯೋನು. ನಿನ್ ಕಡೆಗೆ ಯಾವಾಗ ಬಂದ?”

ಪೆದ್ದಣ್ಣ ಮಜ್ಜಿಗೆ ಲೋಟ ಕೆಳಗಿಟ್ಟ. ಅವಳು ಮನೆಯ ಕಡೆ ನಡೆದಳು. “ಹೆಂಗಸಿಗೆ ಇಷ್ಟು ಹಟ ಆಗಬಾರ್ದು,” ಎಂದು ನಾಗಲಿಂಗಯ್ಯ ಅಂದದ್ದು ಬೆನ್ನ ಹಿಂದೆ ಕೇಳಿಸಿತು.

ಅಂದಿನಿಂದ ಊರವರ ಬಾಯಲ್ಲಿ ಪೆದ್ದಣ್ಣ ದೊಡ್ಡ ಮನುಷ್ಯನಾದ, ಓಬಳಮ್ಮ ಕಲ್ಲೆದೆಯವಳಾದಳು. ಬಾವಿಯ ಬಳಿ ಹೆಂಗಸರು ಅವನು ಅತ್ತದ್ದನ್ನೇ ಹೇಳಿಕೊಂಡು ಮರುಗುತ್ತಿದ್ದರು. ಸತ್ತವನ ಸುದ್ದಿ ಯಾರಿಗೂ ಬೇಕಿರಲಿಲ್ಲ. ಮಾಪು ಮಾಡಿದೆ ಎಂದು ಒಂದು ಮಾತು ಅಂದು ಮುಗಿಸಿಬಿಡಬಾರದೇ ಎಂದು ಒಮ್ಮೊಮ್ಮೆ ಅವಳಿಗೇ ಅನ್ನಿಸುತ್ತಿತ್ತು. ಈಶ್ವರಮ್ಮನ ಮುಖ ಕಣ್ಣ ಮುಂದೆ ಬಂದರೆ ಆ ಮಾತು ನಾಲಿಗೆಗೆ ಬರುತ್ತಿರಲಿಲ್ಲ.

ಸಂತೆಗೆ ಹೋದರೆ ಅಲ್ಲೂ ಪೆದ್ದಣ್ಣ. ಅವನ ಸಾಕ್ಷಿ ಈಗ ಮೊದಲಿಗಿಂತ ಉದ್ದವಾಗಿತ್ತು. ಕೊನೆಯಲ್ಲಿ ಕಣ್ಣು ಮುಚ್ಚಿ, “ಆ ವಿಧವೆ ಕಲ್ಲುಮನಸ್ಸು ಕರಗ್ಲಿ ಅಂತ ಎಲ್ರೂ ಪ್ರಾರ್ಥನೆ ಮಾಡಿ,” ಅನ್ನುತ್ತಿದ್ದ. ಅವಳಾರೆಂದು ಅರಿಯದ ಜನ ಅವಳ ಪಕ್ಕದಲ್ಲೇ ನಿಂತು ತಲೆಬಾಗಿಸುತ್ತಿದ್ದರು.

ಓಬಳಮ್ಮ ಕೊರಟಗೆರೆ ಬಿಟ್ಟು, ಹುಣಸೆಹಣ್ಣಿನ ಕುಕ್ಕೆ ಹೊತ್ತು ಮಧುಗಿರಿ ಸಂತೆಗೆ ಹೋಗತೊಡಗಿದಳು.