ಇಬ್ಬರಿಗೆ ಒಂದು ಜೊತೆ

ದಾಖಲೆ ಕೋಣೆಗೆ ಬರುವವರೆಲ್ಲ ಕಳ್ಳರು ಎಂದು ನಾನು ಹೇಳುವುದಿಲ್ಲ. ಅಲ್ಲ ಎಂದು ಗೊತ್ತಾಗುವವರೆಗೆ ಅವರ ಕೈಚೀಲ ನನ್ನ ಮೇಜಿನ ಕೆಳಗಿರುತ್ತದೆ, ಅಷ್ಟೆ. ಪೆನ್ನು ತೆಗೆದಿಟ್ಟುಕೊಂಡು ಪೆನ್ಸಿಲ್ ಕೊಡುತ್ತೇನೆ. ಮೂರು ವರ್ಷದ ಹಿಂದೆ ತುಂಬ ಸಭ್ಯಸ್ಥನೊಬ್ಬ ಹಳೆಯ ರಿಜಿಸ್ಟರಿನಿಂದ ನಾಲ್ಕು ಹಾಳೆ ಹರಿದು ಅಂಗಿಯೊಳಗೆ ಸೇರಿಸಿ, ನನಗೆ ಥ್ಯಾಂಕ್ಸ್ ಹೇಳಿ ಹೋಗಿದ್ದ. ಅಂದಿನಿಂದ ಥ್ಯಾಂಕ್ಸ್ ಹೇಳುವವರನ್ನು ಕಂಡರಂತೂ ನನಗಾಗುವುದಿಲ್ಲ. "ನಿನಗೆ ಕನ್ನಡಿ ನೋಡ್ಕೊಂಡ್ರೂ ಅನುಮಾನ ಬರುತ್ತೆ" ಎಂದು ನನ್ನ ಗಂಡ ಹಂಗಿಸುತ್ತಾರೆ.

ನಮ್ಮದು ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರ ನಿವಾಸ. ಈಗ ಅಲ್ಲಿ ಯಾರೂ ಇಲ್ಲ; ಕೊನೆಯವರು ತೀರಿಕೊಂಡು ಹನ್ನೆರಡು ವರ್ಷವಾಯಿತು. ಉಳಿದಿರುವುದು ಕಟ್ಟಡದ ಹಿಂದಿನ ಸ್ಮಶಾನ, ಅಲ್ಲಿನ ಬರೀ ನಂಬರಿನ ಸಮಾಧಿಗಳು, ಮತ್ತು ನನ್ನ ರಿಜಿಸ್ಟರುಗಳು.

ಆ ಮಂಗಳವಾರ ಬಂದ ಹೆಂಗಸಿಗೆ ಅರವತ್ತರ ಆಸುಪಾಸು. ಹೊಲಿಗೆ ಅಂಗಡಿ ಇದೆ ಎಂದರು; ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತುಗಳಿದ್ದವು, ಅಷ್ಟನ್ನು ನಂಬಿದೆ. ಅವರ ಅಪ್ಪ ಸೈನ್ಯದಲ್ಲಿ ಡ್ರೈವರ್ ಆಗಿದ್ದವರು. ಎಡಗಾಲು ಕಳೆದುಕೊಂಡು ಇಲ್ಲಿಗೆ ಸೇರಿ, ಮಗಳಿಗೆ ಐದು ವರ್ಷವಿದ್ದಾಗ ತೀರಿಕೊಂಡರಂತೆ. 212ನೇ ಸಮಾಧಿಗೆ ಅಪ್ಪನ ಹೆಸರಿನ ಕಲ್ಲು ಹಾಕಿಸಬೇಕು, ಅದಕ್ಕೆ ನನ್ನ ಸಹಿ ಬೇಕು.

"ಸಾವಿನ ಪುಟ ಒಂದು ತೋರಿಸ್ಬಿಡಿ ಮೇಡಂ, ಸಾಕು. ನಲವತ್ತು ವರ್ಷದಿಂದ ಆ ಸಮಾಧಿ ಗುಡಿಸ್ತಾ ಇದೀನಿ. ನಾನು ಹೋದ್ಮೇಲೆ ಅಲ್ಲಿ ಯಾರಿದಾರೆ ಅಂತಾನೇ ಗೊತ್ತಾಗಲ್ಲ."

ಆ 'ಸಾಕು' ನನಗೆ ಹಿಡಿಸಲಿಲ್ಲ. ಒಂದೇ ಪುಟ ಯಾಕೆ? ಬೇರೆ ಪುಟದಲ್ಲಿ ಏನಿದೆ?

"ಎಲ್ಲ ಪುಸ್ತಕಾನೂ ತಾಳೆ ನೋಡೇ ಸಹಿ ಹಾಕೋದು ನಾನು. ಕೂತ್ಕೊಳ್ಳಿ," ಎಂದೆ.

ಸಾವಿನ ರಿಜಿಸ್ಟರಿನಲ್ಲಿ ಎಲ್ಲ ಸರಿಯಾಗಿತ್ತು. ವಿಷಮ ಜ್ವರ ಬಂದ ವರ್ಷ ಒಂದೇ ವಾರದಲ್ಲಿ ಸತ್ತವರು ಹದಿನೆಂಟು ಜನ, ಅವರಲ್ಲಿ ಡ್ರೈವರ್ ಒಬ್ಬ. ಕಾಂಪೌಂಡರ್ ಕೂಡ ಮಲಗಿಬಿಟ್ಟಿದ್ದನಂತೆ. ಮಂಚದ ನಂಬರ್ ನೋಡಿ ಹೆಸರು ಬರೆದಿದ್ದಾರೆ. ಅದು ಸರಿಯಾಗಿತ್ತೆಂದು ನಾನು ಬಿಟ್ಟೇನೇ? ಷೂ ಮೇಸ್ತ್ರಿಯ ಪುಸ್ತಕ ತೆಗೆದೆ.

ಒಂಟಿ ಕಾಲಿನವರಿಗೆ ಜೊತೆ ಷೂ ಕೊಟ್ಟು ಏನು ಮಾಡುವುದು? ಹಾಗಾಗಿ ಎಡಗಾಲಿಲ್ಲದವನಿಗೆ ಬಲಗಾಲಿಲ್ಲದ ಅದೇ ಅಳತೆಯವನನ್ನು ಜೋಡಿ ಮಾಡಿ, ಇಬ್ಬರಿಗೆ ಒಂದು ಜೊತೆ ಹೊಲಿಯುತ್ತಿದ್ದರು. ಡ್ರೈವರ್‌ಗೆ ಬಲ ಷೂ. ಅವನ ಜೋಡಿ, ಪಕ್ಕದ ಮಂಚದ ಬ್ಯೂಗಲ್ ಊದುವವನಿಗೆ ಎಡ ಷೂ. ಆರು ತಿಂಗಳಿಗೊಮ್ಮೆ ಹೀಗೇ ಬರೆದಿತ್ತು, ಪ್ರತಿ ಸಲವೂ ಮೇಸ್ತ್ರಿಯ ಷರಾ: "ಕಾಲಿಗೆ ಹಾಕಿ ನೋಡಿದೆ. ಸರಿ ಇದೆ."

ಡ್ರೈವರ್ ಸತ್ತ ಮೇಲೆ ಬ್ಯೂಗಲಿನವನಿಗೆ ಎಡ ಷೂ ಮಾತ್ರ ಹೋಗಬೇಕು, ಬಲ ಷೂ ಉಗ್ರಾಣಕ್ಕೆ. ಪುಸ್ತಕದಲ್ಲಿ ಉಲ್ಟಾ ಇತ್ತು. ಬ್ಯೂಗಲಿನವನಿಗೆ ಬಲ, ಉಗ್ರಾಣಕ್ಕೆ ಎಡ. ಪುಟ ತಿರುವಿದೆ; ಅದೇ. ಒಂಬತ್ತು ವರ್ಷ, ಅವನೂ ಸಾಯುವವರೆಗೆ, ಅದೇ.

ಸಿಕ್ಕಿಬಿದ್ದ ಮೇಸ್ತ್ರಿ, ಎಂದುಕೊಂಡೆ. ಸತ್ತವನ ಷೂ ನುಂಗಿದ್ದಾನೆ! ಖುಷಿಯೇ ಆಯಿತು, ಸುಳ್ಳೇಕೆ ಹೇಳಲಿ. ಆದರೆ ಒಂಟಿ ಷೂ ಕದ್ದು ಅವನು ಮಾಡುವುದೇನು? ಮೇಲಾಗಿ ಪ್ರತಿ ಸಲವೂ ಅದೇ ಷರಾ: ಕಾಲಿಗೆ ಹಾಕಿ ನೋಡಿದೆ, ಸರಿ ಇದೆ. ಇಲ್ಲದ ಕಾಲಿಗೆ ಷೂ ಹೇಗೆ ಸರಿಹೋಗುತ್ತದೆ?

ಬ್ಯೂಗಲಿನವನ ಆಸ್ಪತ್ರೆ ಫೈಲು ಎಳೆದೆ. ಸೇರಿದ ವರ್ಷ: "ಬಲಗಾಲು ಇಲ್ಲ. ಸಂಬಂಧಿಕರು ಯಾರೂ ಇಲ್ಲ." ಆಮೇಲೆ ಪ್ರತಿ ವರ್ಷದ ತಪಾಸಣೆಯಲ್ಲೂ ಡಾಕ್ಟರ್ ಬರೆದದ್ದು ಒಂದೇ ಮಾತು: "ಹಿಂದಿನಂತೆ." ಮಹಾನುಭಾವ ಒಂದು ಸಲವೂ ಕಂಬಳಿ ಎತ್ತಿ ನೋಡಿಲ್ಲ.

ಮೇಸ್ತ್ರಿಗೆ ಮಾತ್ರ ಕಾಲು ಹಿಡಿಯದೆ ಕೆಲಸ ನಡೆಯುತ್ತಿರಲಿಲ್ಲ. ಸಾವಿನ ರಿಜಿಸ್ಟರಿನಲ್ಲಿ ಹೆಸರು ಬರೆದದ್ದು ಮಂಚದ ನಂಬರ್ ನೋಡಿ; ಪಕ್ಕದ ಮಂಚಕ್ಕೆ ಅದಲುಬದಲಾಗಿ ಮಲಗಿದ್ದರೆ ಸಾಕಿತ್ತು. ಬ್ಯೂಗಲಿನವನ ಹೆಸರಿನಲ್ಲಿ ಬಲಗಾಲಿಗೆ ಷೂ ಹಾಕಿಕೊಂಡು ಒಂಬತ್ತು ವರ್ಷ ಬದುಕಿದವನು ಡ್ರೈವರ್. 212ರಲ್ಲಿ ಮಲಗಿರುವವನು ಬ್ಯೂಗಲಿನವನು.

ತಲೆಯೆತ್ತಿದೆ. ಆಯಮ್ಮ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಎಲ್ಲ ಗೊತ್ತಿದ್ದೇ ಬಂದು ನನ್ನ ಕೈಯಲ್ಲಿ ಸುಳ್ಳಿಗೆ ಸಹಿ ಹಾಕಿಸುತ್ತಿದ್ದಾರಾ?

"ನಿಮ್ಮಪ್ಪನ ಮುಖ ನೆನಪಿದೆಯಾ?"

"ಇಲ್ಲ ಮೇಡಂ. ಅಪ್ಪ ಯುದ್ಧಕ್ಕೆ ಹೋದಾಗ ನಾನು ತೊಟ್ಟಿಲಲ್ಲಿದ್ದೆ. ವಾಪಸ್ ಬಂದು ಇಲ್ಲಿ ಸೇರಿದ್ಮೇಲೆ ಯಾರೂ ಬರ್ಬೇಡಿ ಅಂದ್ಬಿಟ್ರಂತೆ."

"ನಿಮ್ಮಮ್ಮ?"

"ಅಪ್ಪ ತೀರ್ಕೊಂಡಾಗ ಅಮ್ಮಂಗೆ ಇಪ್ಪತ್ತಮೂರು. ಮಾರನೇ ವರ್ಷ ಇನ್ನೊಂದು ಮದುವೆ ಆಯ್ತು. ಆ ಅಪ್ಪ ದೇವರಂಥವರು, ನನ್ನ ಹೊಟ್ಟೇಲಿ ಹುಟ್ಟಿದ ಮಗಳ ಥರಾನೇ ಸಾಕಿದ್ರು." ತಪ್ಪು ಹೇಳಿದೆನೆಂದು ಅವರೇ ನಕ್ಕರು. "ಅವರ ಹೊಟ್ಟೇಲಿ ಅನ್ನಬೇಕಿತ್ತು, ಅದೂ ತಪ್ಪೇ."

ನನಗೆ ನಗು ಬರಲಿಲ್ಲ. ಗೇಟಿನ ಪುಸ್ತಕ ತೆರೆದೆ. ತಿಂಗಳ ಮೊದಲ ಭಾನುವಾರ, ಅಮ್ಮನ ಸಹಿ, "ಜೊತೆಗೆ ಒಂದು ಮಗು". ಕಾರಣ: ಸಮಾಧಿ ನೋಡಲು. ಒಂಬತ್ತು ವರ್ಷ ಒಂದೂ ತಪ್ಪಿಲ್ಲ. ಬ್ಯೂಗಲಿನವನ ಹೆಸರಿನಲ್ಲಿದ್ದವನು ಸತ್ತ ತಿಂಗಳಿನಿಂದ ಅಮ್ಮನ ಸಹಿ ಒಂದೂ ಇಲ್ಲ. ಬದುಕಿದ್ದವನು ಕಾಗದದ ಮೇಲೆ ಸತ್ತು, ಹೆಂಡತಿ ಇನ್ನೊಂದು ಮದುವೆಯಾಗಲಿ ಎಂದು ಅವಳಿಗೆ ಬಿಡುಗಡೆ ಕೊಟ್ಟಿದ್ದ. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರೋ, ಅವಳಿಗೆ ಆಮೇಲೆ ತಿಳಿಯಿತೋ, ಅದು ಯಾವ ಪುಸ್ತಕದಲ್ಲೂ ಇರಲಿಲ್ಲ.

"ಸಮಾಧಿಗೆ ಬರ್ತಿದ್ರಲ್ಲ, ಅಲ್ಲಿ ಬೇರೆ ಯಾರಾದ್ರೂ ಇರ್ತಿದ್ರಾ?"

"ಬೆಂಚಿನ ಮೇಲೆ ಒಬ್ರು ಇರ್ತಿದ್ರು. ಮುಖ ತುಂಬ ಗಡ್ಡ, ಒಂದೇ ಕಾಲು. ಬಾ ಅಂತ ಕೈ ಮಾಡಿ ಕರೀತಿದ್ರು. ಅಪ್ಪನ ಸ್ನೇಹಿತರು, ಹೋಗಿ ಮಾತಾಡ್ಸು ಅಂತ ಅಮ್ಮ ಪ್ರತಿ ಸಲ ತಳ್ಳೋಳು. ನನಗೋ ಭಯ. ಅಮ್ಮನ ಹಿಂದೆ ಬಚ್ಚಿಟ್ಕೊಂಡು ಅವರ ಷೂ ಒಂದೇ ನೋಡ್ತಿದ್ದೆ. ಎಷ್ಟು ಪಾಲಿಶ್ ಮಾಡ್ಕೊಂಡು ಬರ್ತಿದ್ರು ಅಂತೀರಿ!"

"ಯಾವ ಕಾಲಿನ ಷೂ?"

ಅವರು ಕಣ್ಣು ಮುಚ್ಚಿ ಯೋಚಿಸಿದರು. ಆಮೇಲೆ ಕುರ್ಚಿಯಲ್ಲಿ ಕೂತಲ್ಲೇ ತಮ್ಮ ಬಲಗಾಲನ್ನು ಮುಂದಕ್ಕೆ ಚಾಚಿದರು.

ಈ ಹೆಂಗಸಿಗೆ ಏನೂ ಗೊತ್ತಿಲ್ಲ ಎಂದು ಆಗ ನನಗೆ ಖಾತ್ರಿಯಾಯಿತು. ಸುಮ್ಮನೆ ಸಹಿ ಹಾಕಿ ಕಳಿಸಿಬಿಡಬಹುದಿತ್ತು. ಕಳಿಸಿದ್ದರೆ ಪರರ ಸಮಾಧಿಯ ಮೇಲೆ ಅವರಪ್ಪನ ಹೆಸರು ಕೂರುತ್ತಿತ್ತು, ಅವರಪ್ಪನ ಮೇಲೆ ಹುಲ್ಲು ಬೆಳೆಯುತ್ತಿತ್ತು. ಹೇಳುವ ಧೈರ್ಯ ನನಗಿರಲಿಲ್ಲ. ಷೂ ಮೇಸ್ತ್ರಿಯ ಪುಸ್ತಕವನ್ನು ಅವರ ಕಡೆ ತಿರುಗಿಸಿ, ಸಾಲು ಸಾಲಿಗೂ ಬೆರಳಿಟ್ಟು ಓದಿದೆ.

ಅವರು ಅಳಲಿಲ್ಲ. ಮೇಸ್ತ್ರಿಯ ಷರಾದ ಮೇಲೆ ಬೆರಳಾಡಿಸಿ, "ಅವರನ್ನ ಎಲ್ಲಿ ಮಲಗಿಸಿದಾರೆ?" ಎಂದರು.

"340. ಬೆಂಚಿನ ಹಿಂದೆ."

"ಕಲ್ಲು ಅಲ್ಲಿಗೆ ಹಾಕ್ಸೋಕೆ ಬಿಡ್ತೀರಾ?"

ಮೂರು ರಿಜಿಸ್ಟರು ಒಂದು ಹೇಳುತ್ತಿದ್ದವು, ಒಂದು ಷೂ ಪುಸ್ತಕ ಇನ್ನೊಂದು. ನಾನು ಷೂ ಪುಸ್ತಕದ ಪುಟದ ನಂಬರ್ ಬರೆದು, 340ಕ್ಕೆ ಸಹಿ ಹಾಕಿದೆ. ಮೇಲಿನವರು ಕೇಳಿದರೆ ಕೇಳಲಿ.

ಅವರು ಥ್ಯಾಂಕ್ಸ್ ಹೇಳಲಿಲ್ಲ, ಎದ್ದು ಹೊರಟೇಬಿಟ್ಟರು. ಚೀಲ ನನ್ನ ಮೇಜಿನ ಕೆಳಗೇ ಉಳಿದಿತ್ತು. ಅದನ್ನೆತ್ತಿಕೊಂಡು ಹಿಂದೆಯೇ ಹೋದೆ. ಆಯಮ್ಮ 212ರ ಹತ್ತಿರ ನಿಂತಿದ್ದರು, ಹಿಂದೆ ಅಮ್ಮನ ಸೆರಗು ಹಿಡಿದು ನಿಲ್ಲುತ್ತಿದ್ದ ಜಾಗದಲ್ಲಿ. ಅಲ್ಲಿಂದ ಬೆಂಚಿನ ಕಡೆಗೆ ನಿಧಾನಕ್ಕೆ ನಡೆದರು. ತುಟಿ ಅಲ್ಲಾಡುತ್ತಿತ್ತು.

ಬೆಂಚು ಮುಟ್ಟಿ, ನನ್ನತ್ತ ತಿರುಗಿದರು.

"ಹದಿನಾರೇ ಹೆಜ್ಜೆ ಮೇಡಂ," ಎಂದರು. "ಅಪ್ಪ ಒಂಬತ್ತು ವರ್ಷ ಕರೆದ್ರು."